ರಸ್ತೆ ಬದಿಯ ಬೇಲಿ: ವನ್ಯಪ್ರಾಣಿಗಳಿಗೆ ರಕ್ಷಣೆಯೋ, ಬಲೆಯೋ?



ಕಳೆದ ಹಿಂಗಾರಿನಲ್ಲಿ ಕಾಡಂಚಿನ ಹಳ್ಳಿಯೊಂದಕ್ಕೆ ಹುರುಳಿ ಬೆಳೆ ನೋಡಲು ಹೋಗಿದ್ದೆ. ಹಿಂದಿನ ರಾತ್ರಿ ಡೇರಿಗೆ ಹಾಲು ಹಾಕಿ ಬೈಕಿನಲ್ಲಿ ಮನೆಗೆ ಮರಳುತ್ತಿದ್ದ ಯುವಕನೊಬ್ಬ ಅಡ್ಡ ಬಂದ ಕಾಡುಹಂದಿಗೆ ಡಿಕ್ಕಿ ಹೊಡೆದು ಬಿದ್ದಿದ್ದ. ಹಂದಿ ಅಲ್ಲೇ ಸತ್ತಿತ್ತು. ಯುವಕನ ಕಾಲು ಮುರಿದಿತ್ತು. ಹೊಲದ ಬದುವಿನ ಮೇಲೆ ಕುಳಿತು ಮಾತನಾಡುವಾಗ ಹಿರಿಯ ರೈತರೊಬ್ಬರು ಕೇಳಿದರು: "ಅಲ್ಲ ಸ್ವಾಮಿ, ಈ ರಸ್ತೆಗೆ ಎರಡೂ ಕಡೆ ಬೇಲಿ ಹಾಕಿಸಿಬಿಟ್ಟರೆ ಪ್ರಾಣಿ ಸಾಯೋದೂ ನಿಲ್ಲುತ್ತೆ, ನಮ್ಮ ಹುಡುಗರ ಕೈಕಾಲೂ ಉಳಿಯುತ್ತೆ, ಬೆಳೆಯೂ ಉಳಿಯುತ್ತೆ. ಸರ್ಕಾರ ಯಾಕೆ ಹಾಕಿಸಬಾರದು?"

ಪ್ರಶ್ನೆ ನ್ಯಾಯವಾದದ್ದು. ಆದರೆ ಉತ್ತರ ಅಷ್ಟು ಸುಲಭವಲ್ಲ. ಬೇಲಿಯಿಂದ ಪ್ರಾಣಿಗಳೂ ಜನರೂ ಉಳಿದ ಉದಾಹರಣೆಗಳಿವೆ. ಬೇಲಿಯೇ ಬಲೆಯಾದ ಉದಾಹರಣೆಗಳೂ ಇವೆ. ರಸ್ತೆ ಬೇಲಿಯ ವಿಷಯ ಬೇಸಾಯದ ಪತ್ರಿಕೆಗೆ ಏಕೆ ಎಂದು ತಾವು ಕೇಳಬಹುದು. ರಸ್ತೆಯ ಬೇಲಿ ಕೊನೆಯಾಗುವುದು ರೈತನ ಹೊಲದ ಮಗ್ಗುಲಲ್ಲಿಯೇ. ರೈತನು ತನ್ನ ಹೊಲಕ್ಕೆ ಹಾಕುವ ಬೇಲಿಯೂ ಪ್ರಾಣಿಯನ್ನು ರಸ್ತೆಗೆ ತಳ್ಳಬಹುದು, ಇಲ್ಲವೆ ರಸ್ತೆಯಿಂದ ದೂರವಿಡಬಹುದು. ಆದ್ದರಿಂದ ಈ ವಿಷಯವನ್ನು ಹಂತ ಹಂತವಾಗಿ ತಿಳಿದುಕೊಳ್ಳುವುದು ಅವಶ್ಯಕ.

ಪ್ರಾಣಿಗಳು ರಸ್ತೆಗೆ ಏಕೆ ಬರುತ್ತವೆ?

ಕಳೆ ಏಕೆ ಬಂತೆಂದು ತಿಳಿಯದೆ ಕಳೆನಾಶಕ ಸಿಂಪಡಿಸಿದರೆ ಪ್ರಯೋಜನವಿಲ್ಲ. ಹಾಗೆಯೇ ಪ್ರಾಣಿ ರಸ್ತೆಗೆ ಬರುವ ಕಾರಣ ತಿಳಿಯದೆ ಬೇಲಿ ಹಾಕಿದರೂ ಪ್ರಯೋಜನವಿಲ್ಲ. ಮುಖ್ಯ ಕಾರಣಗಳು ನಾಲ್ಕು.

1. ನೀರು ಮತ್ತು ಮೇವಿಗಾಗಿ ದಾಟುವುದು: ಕಾಡು ಒಂದು ಕಡೆ, ಕೆರೆ ಅಥವಾ ಹಳ್ಳ ಇನ್ನೊಂದು ಕಡೆ ಇದ್ದರೆ ಪ್ರಾಣಿ ದಾಟಲೇಬೇಕು. ಆನೆ, ಕಾಟಿ, ಕಡವೆಗಳು ತಲೆಮಾರುಗಳಿಂದ ಬಳಸಿದ ದಾರಿಯನ್ನು ಸುಲಭವಾಗಿ ಬಿಡುವುದಿಲ್ಲ. ನಡುವೆ ರಸ್ತೆ ಬಂದುದು ಆಮೇಲೆ.

2. ರಸ್ತೆ ಬದಿಯ ಎಳೆ ಹುಲ್ಲು: ಡಾಂಬರಿನ ಮೇಲೆ ಬಿದ್ದ ಮಳೆನೀರು ಎರಡೂ ಬದಿಗೆ ಹರಿಯುವುದರಿಂದ ಅಲ್ಲಿನ ಮಣ್ಣಿನಲ್ಲಿ ತೇವ ಹೆಚ್ಚು. ಬದಿಯ ಪೊದೆಗಳನ್ನು ಸವರಿದ ಜಾಗದಲ್ಲಿ ಮೊದಲ ಮಳೆಗೇ ಹುಲ್ಲು ಚಿಗುರುತ್ತದೆ. ಜಿಂಕೆ, ಮೊಲಗಳು ಅದನ್ನು ಹುಡುಕಿ ಬರುತ್ತವೆ.

3. ಚೆಲ್ಲಿದ ಕಾಳು ಮತ್ತು ಎಸೆದ ಕಸ: ಇದಕ್ಕೆ ಬಹುಮಟ್ಟಿಗೆ ನಾವೇ ಕಾರಣರು. ರಾಗಿ, ಹುರುಳಿ, ತೊಗರಿಯನ್ನು ರಸ್ತೆಯ ಮೇಲೆ ಹರಡಿ ವಾಹನಗಳಿಂದ ತುಳಿಸಿ ಒಕ್ಕಣೆ ಮಾಡುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಹಗಲು ಹಕ್ಕಿಗಳು, ರಾತ್ರಿ ಇಲಿ, ಮೊಲ, ಹಂದಿಗಳು ಉಳಿದ ಕಾಳಿಗೆ ಬರುತ್ತವೆ. ಇಲಿಯನ್ನು ಹಿಡಿಯಲು ಗೂಬೆ, ಹಾವು, ಕಾಡುಬೆಕ್ಕುಗಳು ಬರುತ್ತವೆ. ಬೆಲೆ ಬಿದ್ದಾಗ ರಸ್ತೆ ಬದಿಗೆ ಸುರಿಯುವ ಟೊಮ್ಯಾಟೊ, ಕೋಸುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

4. ಬಿಸಿ: ಹಾವು, ಉಡಗಳಂತಹ ಪ್ರಾಣಿಗಳಿಗೆ ಸ್ವಂತ ಮೈಶಾಖವಿಲ್ಲ. ಹಗಲು ಕಾದ ಡಾಂಬರು ಸಂಜೆಯಾದ ಮೇಲೂ ಬೆಚ್ಚಗಿರುವುದರಿಂದ ಹಾವುಗಳು ಅದರ ಮೇಲೆ ಬಂದು ಮಲಗುತ್ತವೆ.

ಇವುಗಳಲ್ಲಿ ಮೊದಲನೆಯ ಕಾರಣಕ್ಕೆ ಮಾತ್ರ ದೊಡ್ಡ ಬೇಲಿ, ದೊಡ್ಡ ಕಾಮಗಾರಿ ಬೇಕು. ಎರಡನೆಯ ಮತ್ತು ಮೂರನೆಯ ಕಾರಣಗಳನ್ನು ಕಡಿಮೆ ಖರ್ಚಿನಲ್ಲಿ, ಬಹಳಷ್ಟು ಮಟ್ಟಿಗೆ ಊರಿನವರೇ ಸರಿಪಡಿಸಬಹುದು.

ವೇಗದ ಲೆಕ್ಕ

ಚಾಲಕನು ಪ್ರಾಣಿಯನ್ನು ಕಂಡು ಬ್ರೇಕ್ ಒತ್ತುವುದರೊಳಗೆ ಸುಮಾರು ಒಂದೂವರೆ ಸೆಕೆಂಡು ಕಳೆದಿರುತ್ತದೆ. ಅಷ್ಟು ಹೊತ್ತು ವಾಹನ ಪೂರ್ಣ ವೇಗದಲ್ಲಿಯೇ ಓಡುತ್ತಿರುತ್ತದೆ. ಆಮೇಲೆ ಬ್ರೇಕ್ ಹಿಡಿದು ನಿಲ್ಲುವ ದೂರ ಬೇರೆ. ಒಣಗಿದ ಒಳ್ಳೆಯ ಡಾಂಬರು ರಸ್ತೆ, ಒಳ್ಳೆಯ ಟೈರು ಮತ್ತು ಬ್ರೇಕ್ ಇರುವ ಕಾರಿಗೆ ಲೆಕ್ಕ ಹಾಕಿದರೆ ಒಟ್ಟು ದೂರ ಸುಮಾರು ಹೀಗಾಗುತ್ತದೆ:

ಗಂಟೆಗೆ 40 ಕಿ.ಮೀ. ವೇಗ: 17 + 9 = 26 ಮೀಟರ್
ಗಂಟೆಗೆ 60 ಕಿ.ಮೀ. ವೇಗ: 25 + 20 = 45 ಮೀಟರ್
ಗಂಟೆಗೆ 80 ಕಿ.ಮೀ. ವೇಗ: 33 + 36 = 69 ಮೀಟರ್
ಗಂಟೆಗೆ 100 ಕಿ.ಮೀ. ವೇಗ: 42 + 56 = 98 ಮೀಟರ್

ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲಿನ ದೂರ ನಾಲ್ಕು ಪಟ್ಟಾಗುವುದನ್ನು ಗಮನಿಸಿರಿ. ಎದುರಿನಿಂದ ವಾಹನ ಬರುವಾಗ ದೀಪವನ್ನು ತಗ್ಗಿಸಿದರೆ ಕಾಣುವುದು ಸುಮಾರು 40-50 ಮೀಟರ್ ಮಾತ್ರ. ಅಂದರೆ ಗಂಟೆಗೆ 80 ಕಿ.ಮೀ. ವೇಗದಲ್ಲಿರುವ ಚಾಲಕನು ಎಷ್ಟೇ ನುರಿತವನಾದರೂ, ದೀಪದ ಬೆಳಕಿಗೆ ಬಂದ ಪ್ರಾಣಿಯ ಮುಂದೆ ವಾಹನ ನಿಲ್ಲಿಸಲಾರನು. ಮಳೆಯ ರಾತ್ರಿ ಅಥವಾ ಹೊರೆ ತುಂಬಿದ ಲಾರಿಯಾದರೆ ದೂರ ಇನ್ನೂ ಹೆಚ್ಚು. ಸೂಚನಾ ಫಲಕ ನೆಟ್ಟ ಮಾತ್ರಕ್ಕೆ ಅಪಘಾತ ಏಕೆ ನಿಲ್ಲುವುದಿಲ್ಲ ಎಂಬುದಕ್ಕೆ ಇದೇ ಉತ್ತರ. ವೇಗ ಇಳಿಯಬೇಕು, ಇಲ್ಲವೆ ಪ್ರಾಣಿಯೂ ವಾಹನವೂ ಬೇರೆ ಬೇರೆ ದಾರಿಯಲ್ಲಿ ಹೋಗಬೇಕು.

ಬೇಲಿಯಿಂದ ಆಗುವ ಪ್ರಯೋಜನ: ಕೆನಡಾದ ಅನುಭವ

ಪ್ರಾಣಿ ಮತ್ತು ವಾಹನಗಳನ್ನು ಬೇಲಿಯಿಂದ ಬೇರ್ಪಡಿಸುವ ಕೆಲಸವನ್ನು ದೀರ್ಘಕಾಲ ಮಾಡಿ ನೋಡಿದ ಜಾಗ ಕೆನಡಾ ದೇಶದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನ. ಆ ದೇಶವನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟುವ ಹೆದ್ದಾರಿ ಈ ಕಾಡಿನ ಮಧ್ಯೆಯೇ ಹೋಗುತ್ತದೆ. 1980ರ ದಶಕದ ಮೊದಲಲ್ಲಿ ಹೆದ್ದಾರಿಯನ್ನು ನಾಲ್ಕು ಪಥಕ್ಕೆ ಅಗಲಿಸುವಾಗ ಎರಡೂ ಬದಿಗೆ ಸುಮಾರು 2.4 ಮೀಟರ್, ಅಂದರೆ 8 ಅಡಿ ಎತ್ತರದ ತಂತಿಬಲೆ ಬೇಲಿ ಹಾಕಲು ಪ್ರಾರಂಭಿಸಿದರು. ಮುಂದಿನ ದಶಕಗಳಲ್ಲಿ ಉದ್ಯಾನದೊಳಗಿನ 82 ಕಿ.ಮೀ. ಉದ್ದಕ್ಕೂ ಬೇಲಿ ಬಂತು. ಇದರಿಂದ ವನ್ಯಪ್ರಾಣಿಗಳ ಅಪಘಾತ ಶೇಕಡಾ 80ಕ್ಕಿಂತ ಹೆಚ್ಚು ಕಡಿಮೆಯಾಯಿತು. ಜಿಂಕೆ ಮತ್ತು ಎಲ್ಕ್ ಎಂಬ ದೊಡ್ಡ ಜಿಂಕೆಗಳಲ್ಲಿ ಇಳಿತ ಶೇಕಡಾ 96ಕ್ಕಿಂತ ಹೆಚ್ಚು.

ಈ ಅನುಭವದಿಂದ ಕಲಿಯಬೇಕಾದ ಪಾಠಗಳು ಮೂರು.

ಮೊದಲನೆಯದು, ಬೇಲಿಯ ಬುಡ. ಮೊದಲ ಹಂತದ ಬೇಲಿಯನ್ನು ನೆಲದ ಮೇಲೆಯೇ ನಿಲ್ಲಿಸಿದ್ದರು. ಕಯೋಟಿ ಎಂಬ ನರಿಯಂತಹ ಪ್ರಾಣಿ ಮತ್ತು ಇತರ ಪ್ರಾಣಿಗಳು ಅಡಿಯಲ್ಲಿ ತೋಡಿ ನುಸುಳಿ ರಸ್ತೆಗೆ ಬಂದವು. ಮುಂದಿನ ಹಂತಗಳಲ್ಲಿ ಬೇಲಿಯ ಬುಡಕ್ಕೆ ಇನ್ನೊಂದು ಬಲೆ ಜೋಡಿಸಿ ಮಣ್ಣಿನಲ್ಲಿ ಹೂಳಿದರು. ಕಾಡುಹಂದಿಯ ಕಾಟ ಅನುಭವಿಸಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಿಂಕೆ ಬೇಲಿಯ ಮೇಲಿನಿಂದ ನೆಗೆಯುತ್ತದೆ, ಹಂದಿ ಕೆಳಗಿನಿಂದ ತೂರುತ್ತದೆ.

ಎರಡನೆಯದು, ಬೇಲಿಯ ತುದಿ. ಬೇಲಿ ಕೊನೆಯಾಗುವ ಕಡೆ ಅಪಘಾತಗಳು ಗುಂಪಾಗಿ ಕಂಡುಬಂದವು. ಬೇಲಿ ಅಡ್ಡ ಬಂದಾಗ ಪ್ರಾಣಿ ಅದರ ಉದ್ದಕ್ಕೂ ನಡೆದು, ತುದಿ ಸಿಕ್ಕಿದ ಕಡೆ ದಾಟುತ್ತದೆ. ಬದು ಒಡೆದ ಕಡೆ ನೀರು ನುಗ್ಗುವಂತೆಯೇ ಇದೂ.

ಮೂರನೆಯದು, ಬೇಲಿಯ ಉದ್ದ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 5 ಕಿ.ಮೀ. ಅಥವಾ ಅದಕ್ಕಿಂತ ಉದ್ದದ ಬೇಲಿಗಳು ಅಪಘಾತವನ್ನು ಸಾಮಾನ್ಯವಾಗಿ ಶೇಕಡಾ 80ಕ್ಕಿಂತ ಹೆಚ್ಚು ತಗ್ಗಿಸಿದ್ದವು. 5 ಕಿ.ಮೀ.ಗಿಂತ ಚಿಕ್ಕ ಬೇಲಿಗಳಲ್ಲಿ ಸರಾಸರಿ ಇಳಿತ ಶೇಕಡಾ 53ರಷ್ಟು ಮಾತ್ರ. ಅದೂ ಜಾಗದಿಂದ ಜಾಗಕ್ಕೆ ಬಹಳ ವ್ಯತ್ಯಾಸವಾಗುತ್ತಿತ್ತು. ಒಂದು ತಿರುವಿನಲ್ಲಿ 200 ಮೀಟರ್ ಬೇಲಿ ಹಾಕಿದರೆ ಅಪಘಾತ ನಿಲ್ಲದೆ ಮುಂದಿನ ತಿರುವಿಗೆ ಹೋಗುವ ಸಂಭವ ಹೆಚ್ಚು.

ಬರೀ ಬೇಲಿ ಹಾಕಿದರೆ?

82 ಕಿ.ಮೀ. ಬೇಲಿ ಹಾಕಿದರೆ ಪ್ರಾಣಿಗಳು ದಾಟುವುದು ಹೇಗೆ? ಹಿರಿಯ ರೈತರ ಪ್ರಶ್ನೆಯಲ್ಲಿ ಬಿಟ್ಟುಹೋದ ಭಾಗ ಇದೇ.

ದಾರಿ ಬಿಡದೆ ಬೇಲಿ ಹಾಕಿದರೆ ಕಾಡು ಎರಡು ತುಂಡಾಗುತ್ತದೆ. ಬೇಸಗೆಯಲ್ಲಿ ನೀರು ಇರುವ ಕಡೆಗೆ ಪ್ರಾಣಿ ಹೋಗಲಾರದು. ಗಂಡು ಹೆಣ್ಣುಗಳು ಬೇರೆ ಬೇರೆ ಕಡೆ ಉಳಿಯುತ್ತವೆ. ಚಿಕ್ಕ ಗುಂಪುಗಳಲ್ಲಿ ರಕ್ತಸಂಬಂಧದೊಳಗೇ ಮರಿಗಳಾಗಿ ಸಂತತಿ ದುರ್ಬಲವಾಗುತ್ತದೆ. ಒಂದೇ ಕೋಣವನ್ನು ತಲೆಮಾರುಗಟ್ಟಲೆ ಅದೇ ಹಿಂಡಿಗೆ ಬಿಟ್ಟರೆ ಏನಾಗುತ್ತದೆಂಬುದು ಎಮ್ಮೆ ಸಾಕಿದವರಿಗೆ ಗೊತ್ತು.

ಪ್ರಾಣಿಯಾದರೂ ಸುಮ್ಮನೆ ನಿಲ್ಲುವುದಿಲ್ಲ. ನಮ್ಮ ರಾಜ್ಯದಲ್ಲಿ ಆನೆಗಳು ಹೊಲಕ್ಕೆ ಬಾರದಂತೆ ಹಳೆಯ ರೈಲು ಹಳಿಗಳನ್ನು ಅಡ್ಡಲಾಗಿ ಜೋಡಿಸಿ ಬಲವಾದ ಬೇಲಿ ಮಾಡಲಾಗಿದೆ. ಇದರಿಂದ ಅನೇಕ ಹಳ್ಳಿಗಳಿಗೆ ಉಪಕಾರವಾಗಿರುವುದು ನಿಜ. ಆದರೆ 2018ರ ಡಿಸೆಂಬರಿನಲ್ಲಿ ನಾಗರಹೊಳೆಯ ವೀರನಹೊಸಹಳ್ಳಿ ಬಳಿ ಕಾಡಿಗೆ ಮರಳುತ್ತಿದ್ದ ಆನೆಯೊಂದು ಇಂತಹ ಬೇಲಿಯನ್ನು ಹತ್ತಿ ದಾಟಲು ಹೋಗಿ ಸಿಕ್ಕಿಹಾಕಿಕೊಂಡು ಸತ್ತುಹೋಯಿತು. ಅದು ರಸ್ತೆಯ ಬೇಲಿಯಲ್ಲ. ಆದರೂ ಪಾಠ ಒಂದೇ. ಬೇಲಿ ಎಷ್ಟು ಗಟ್ಟಿ ಎಂಬುದರ ಜೊತೆಗೆ, ಒಳಗೆ ಬಂದ ಪ್ರಾಣಿ ಹೊರಗೆ ಹೋಗುವುದೆಲ್ಲಿ ಎಂಬುದನ್ನೂ ಮೊದಲೇ ಯೋಚಿಸಬೇಕು.

ರಸ್ತೆಯ ಎರಡೂ ಬದಿಗೆ ಬೇಲಿಯಿದ್ದು, ನಡುವೆ ಸಿಕ್ಕಿಬಿದ್ದ ಪ್ರಾಣಿಗೂ ಇದೇ ಗತಿ. ಅದು ಗಾಬರಿಯಿಂದ ರಸ್ತೆಯ ಮೇಲೆಯೇ ಹಿಂದೆ ಮುಂದೆ ಓಡುತ್ತದೆ. ಆದ್ದರಿಂದ ಒಳ್ಳೆಯ ಬೇಲಿಗಳಲ್ಲಿ ರಸ್ತೆಯ ಕಡೆಯಿಂದ ಮಣ್ಣಿನ ದಿಬ್ಬ ಕಟ್ಟಿರುತ್ತಾರೆ. ಪ್ರಾಣಿ ದಿಬ್ಬ ಹತ್ತಿ ಕಾಡಿನ ಕಡೆಗೆ ಧುಮುಕಬಹುದು. ಆ ಕಡೆಯಿಂದ ಗೋಡೆಯಂತೆ ಎತ್ತರವಿರುವುದರಿಂದ ರಸ್ತೆಗೆ ಬರಲಾರದು.

ಬೇಲಿಯ ಜೊತೆಗೆ ದಾರಿ

ಬ್ಯಾನ್ಫ್‌ನಲ್ಲಿ ಬೇಲಿಯ ಜೊತೆಗೆ ಪ್ರಾಣಿಗಳಿಗೆಂದೇ 38 ಕೆಳದಾರಿ ಮತ್ತು 6 ಮೇಲುಸೇತುವೆ, ಒಟ್ಟು 44 ದಾರಿಗಳನ್ನು ಕಟ್ಟಿದ್ದಾರೆ. ಮೇಲುಸೇತುವೆಗಳ ಮೇಲೆ ಮಣ್ಣು ತುಂಬಿ ಗಿಡ ಹುಲ್ಲು ಬೆಳೆಸಿದ್ದಾರೆ. ಅಲ್ಲಿ ಬೇಲಿಯ ಕೆಲಸ ಪ್ರಾಣಿಯನ್ನು ತಡೆಯುವುದಷ್ಟೇ ಅಲ್ಲ. ಕಾಲುವೆಯ ಏರಿ ನೀರನ್ನು ತೂಬಿನ ಕಡೆಗೆ ನಡೆಸುವಂತೆ ಪ್ರಾಣಿಯನ್ನು ದಾರಿಯ ಬಾಯಿಗೆ ನಡೆಸುವುದೂ ಬೇಲಿಯ ಕೆಲಸ. ಬೇಲಿಯಿಲ್ಲದ ಸೇತುವೆ, ಸೇತುವೆಯಿಲ್ಲದ ಬೇಲಿ ಎರಡೂ ಅರ್ಧ ಕೆಲಸ.

ಪ್ರಾಣಿಗಳು ಇಂತಹ ದಾರಿಗಳಿಗೆ ಹೊಂದಿಕೊಳ್ಳಲು ಸಮಯ ಬೇಕು. ಜಿಂಕೆಗಳು ಬೇಗ ಕಲಿತವು. ಗ್ರಿಜ್ಲಿ ಕರಡಿಗಳಿಗೆ ಐದು ವರ್ಷದವರೆಗೆ ಹಿಡಿಯಿತು. ದಾರಿಯ ಆಕಾರವೂ ಮುಖ್ಯ. ಗುಂಪಾಗಿ ನಡೆಯುವ ಜಿಂಕೆಗಳಿಗೆ ಅಗಲವಾದ, ಆಚೆ ಬದಿ ಕಾಣುವ ದಾರಿ ಇಷ್ಟ. ಬೆಟ್ಟದ ಸಿಂಹವೆಂಬ ಬೆಕ್ಕಿನ ಜಾತಿಯ ಪ್ರಾಣಿಗೆ ಇಕ್ಕಟ್ಟಾದ ಮರೆಯ ದಾರಿ ಇಷ್ಟ.

ನಮ್ಮ ದೇಶದಲ್ಲಿಯೂ ಇದು ನಡೆದಿದೆ. ಮಧ್ಯಪ್ರದೇಶ ಮತ್ತು ಮಹಾರಾಷ್ಟ್ರಗಳ ನಡುವಿನ ಪೆಂಚ್ ಹುಲಿ ಪ್ರದೇಶವನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 44ನ್ನು ಅಗಲಿಸುವಾಗ, ಮಹಾರಾಷ್ಟ್ರದ ಕಡೆಯ ಸುಮಾರು 16 ಕಿ.ಮೀ. ಭಾಗದಲ್ಲಿ 5 ಕೆಳದಾರಿ ಮತ್ತು 4 ಕಿರುಸೇತುವೆ, ಒಟ್ಟು 9 ಜಾಗಗಳಲ್ಲಿ ರಸ್ತೆಯನ್ನು ಮೇಲೆತ್ತಿದರು. ಇವುಗಳ ಅಗಲ 50 ಮೀಟರಿನಿಂದ 750 ಮೀಟರ್‌ವರೆಗೆ ಇದೆ. ಡೆಹರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯವರು 2019ರ ಮಾರ್ಚಿನಿಂದ ಡಿಸೆಂಬರ್‌ವರೆಗೆ ಅಲ್ಲಿ ಕ್ಯಾಮೆರಾಗಳನ್ನು ಇಟ್ಟು ಪರಿಶೀಲಿಸಿದರು. ಹತ್ತು ತಿಂಗಳಲ್ಲಿ 18 ಜಾತಿಯ ಕಾಡುಪ್ರಾಣಿಗಳು 5,450 ಬಾರಿ ಈ ದಾರಿಗಳನ್ನು ಬಳಸಿದ್ದು ಕಂಡುಬಂತು. ಇವುಗಳಲ್ಲಿ ಚುಕ್ಕೆ ಜಿಂಕೆಗಳೇ ಹೆಚ್ಚು. 11 ಹುಲಿಗಳು 89 ಬಾರಿ ಓಡಾಡಿದ್ದವು. ಮೇಲೆ ಲಾರಿ ಓಡುತ್ತಿದ್ದಾಗ ಕೆಳಗೆ ಹುಲಿ ನಡೆದುಹೋಯಿತು. ಇಬ್ಬರಿಗೂ ತೊಂದರೆಯಾಗಲಿಲ್ಲ.

ಮರದಿಂದ ಮರಕ್ಕೆ ಹಾರುವ ಪ್ರಾಣಿಗಳಿಗೆ ಕೆಳದಾರಿ ಪ್ರಯೋಜನವಿಲ್ಲ. ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳ ನಡುವೆ ರಸ್ತೆಯ ಮೇಲೆ ಮರದಿಂದ ಮರಕ್ಕೆ ತೂಗುಸೇತುವೆ ಕಟ್ಟಿ ಸಿಂಗಳೀಕಗಳಿಗೆ ದಾರಿ ಮಾಡಿದ್ದಾರೆ. ಮಲೆನಾಡಿನ ತೋಟಗಾರರು ರಸ್ತೆಯ ಮೇಲೆ ಕೂಡಿಕೊಂಡಿರುವ ಮರದ ಕೊಂಬೆಗಳನ್ನು ಕಡಿಸುವ ಮುನ್ನ ಇದನ್ನು ನೆನೆಯಬೇಕು.

ಬಂಡೀಪುರ: ಕಾಲದ ಬೇಲಿ

ಬೇಲಿಯೇ ಹೊಂದದ ಜಾಗಗಳೂ ಇವೆ. ಬಂಡೀಪುರದಲ್ಲಿ ರಸ್ತೆಯ ಎರಡೂ ಕಡೆ ಕಾಡೇ. ಆನೆಗಳು ಒಂದೆರಡು ಕಡೆ ಮಾತ್ರವಲ್ಲ, ಉದ್ದಕ್ಕೂ ದಾಟುತ್ತವೆ. ಅಲ್ಲಿ ಅನುಸರಿಸಿದ ಕ್ರಮ ಬೇರೆ. 2009ರಲ್ಲಿ, ಗುಂಡ್ಲುಪೇಟೆಯಿಂದ ಕೇರಳದ ಕಡೆಗೆ ಮತ್ತು ಊಟಿಯ ಕಡೆಗೆ ಹೋಗುವ ಹೆದ್ದಾರಿಗಳ ಕಾಡಿನ ಭಾಗದಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರವನ್ನು ನಿಲ್ಲಿಸಲಾಯಿತು. ತುರ್ತು ವಾಹನಗಳಿಗೆ ಮತ್ತು ಕೆಲವು ಬಸ್ಸುಗಳಿಗೆ ಮಾತ್ರ ವಿನಾಯಿತಿ ಕೊಡಲಾಯಿತು. 2010ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಇದನ್ನು ಕಾಲದ ಬೇಲಿ ಎನ್ನಬಹುದು. ಹಗಲು ಮನುಷ್ಯನದು, ರಾತ್ರಿ ಪ್ರಾಣಿಯದು.

ಇದರಿಂದ ತರಕಾರಿ ಬೆಳೆಗಾರರಿಗೆ ಮತ್ತು ಲಾರಿಯವರಿಗೆ ಅನಾನುಕೂಲವಾಗಿದೆ ಎಂಬುದನ್ನು ಮರೆಮಾಚಬಾರದು. ರಾತ್ರಿ ಹೋಗಲೇಬೇಕಾದವರು ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲೆ ಸುತ್ತಿ ಹೋಗಬೇಕಾಗುತ್ತದೆ. ಆ ಭಾಗದ ರೈತರು ಕೊಯ್ಲನ್ನು ಬೆಳಗಿನ ಜಾವವೇ ಮುಗಿಸಿ, ನೆರಳಿನಲ್ಲಿ ವಿಂಗಡಿಸಿ, ಹಗಲಿನಲ್ಲಿಯೇ ಲಾರಿ ತುಂಬಿಸಿದರೆ ಮಾಲು ರಾತ್ರಿಯೆಲ್ಲ ಗೇಟಿನ ಬಳಿ ಬಾಡುವುದು ತಪ್ಪುತ್ತದೆ. ಹಲವು ಬೆಳೆಗಾರರು ಕೂಡಿ ಒಂದೇ ಲಾರಿ ಗೊತ್ತುಮಾಡಿಕೊಂಡರೆ ಬೇಗ ತುಂಬುತ್ತದೆ.

ನಿಮ್ಮ ಹೊಲದ ಬೇಲಿ ಹೇಗಿರಬೇಕು?

ಹೆದ್ದಾರಿಗೆ ಬೇಲಿ, ಸೇತುವೆ ಮಾಡುವುದು ಸರ್ಕಾರದ ಕೆಲಸ. ಆದರೆ ರಸ್ತೆ ಪಕ್ಕದಲ್ಲಿ ಜಮೀನಿರುವವರು ಕೆಳಗಿನ ಅಂಶಗಳನ್ನು ಪಾಲಿಸಿದರೆ ಬಹಳಷ್ಟು ಅಪಘಾತಗಳನ್ನು ತಪ್ಪಿಸಬಹುದು.

1. ಓಣಿಯನ್ನು ಗಮನಿಸಿರಿ: ಅಕ್ಕಪಕ್ಕದ ಇಬ್ಬರು ರೈತರು ತಮ್ಮ ತಮ್ಮ ಹೊಲಕ್ಕೆ ಬೇಲಿ ಹಾಕಿ ನಡುವೆ ಓಣಿ ಬಿಟ್ಟಿರುತ್ತಾರೆ. ಕಾಡಿನ ಕಡೆಯಿಂದ ಬಂದ ಪ್ರಾಣಿ ಆ ಓಣಿಯಲ್ಲಿ ನುಗ್ಗಿ, ನಾಯಿ ಅಟ್ಟಿಸಿದಾಗ ಒಮ್ಮೆಲೇ ರಸ್ತೆಯ ಮೇಲೆ ಹಾರುತ್ತದೆ. ನಾನು ಆರಂಭದಲ್ಲಿ ಹೇಳಿದ ಅಪಘಾತ ನಡೆದದ್ದೂ ಇಂತಹ ಓಣಿಯ ಬಾಯಲ್ಲಿಯೇ. ನೆರೆಯವರು ಕೂಡಿ ಓಣಿಯ ರಸ್ತೆ ಕಡೆಯ ಬಾಯಿಗೆ ಗೇಟು ಇಟ್ಟು ಸಂಜೆ ಮುಚ್ಚಬೇಕು. ಹತ್ತಿರದಲ್ಲಿ ದೊಡ್ಡ ಮೋರಿ ಅಥವಾ ಸೇತುವೆ ಇದ್ದರೆ ಬೇಲಿಯನ್ನು ಅದರ ಕಡೆಗೆ ತಿರುಗಿಸುವುದು ಇನ್ನೂ ಉತ್ತಮ.

2. ರಸ್ತೆಯ ಅಂಚಿಗೆ ಬೇಲಿ ಹಾಕಬೇಡಿರಿ: ಆಚೆ ಬದಿಗೆ ಕಾಡಿದ್ದು ಈಚೆ ಬದಿಗೆ ಮಾತ್ರ ಬೇಲಿಯಿದ್ದರೆ, ದಾಟಿ ಬಂದ ಪ್ರಾಣಿಗೆ ಬೇಲಿ ಅಡ್ಡವಾಗಿ ಅದು ರಸ್ತೆಯ ಮೇಲೆಯೇ ಉಳಿಯುತ್ತದೆ. ರಸ್ತೆಯ ಗಡಿಕಲ್ಲಿನಿಂದ ಸಾಧ್ಯವಾದಷ್ಟು ಒಳಕ್ಕೆ, 8-10 ಮೀಟರ್ ಬಿಟ್ಟು ಬೇಲಿ ಹಾಕುವುದು ಒಳ್ಳೆಯದು. ಬಿಟ್ಟ ಜಾಗದಲ್ಲಿ ಹೊಂಗೆ, ಬೇವುಗಳನ್ನು ವಿರಳವಾಗಿ ನೆಟ್ಟರೆ ಜಾಗ ವ್ಯರ್ಥವಾಗುವುದಿಲ್ಲ.

3. ಜೀವಂತ ಬೇಲಿ: ಮಳೆಗಾಲದ ಆರಂಭದಲ್ಲಿ ಒಂದೂವರೆ ಅಡಿ ಅಗಲ ಮತ್ತು ಆಳದ ಚರಂಡಿ ತೆಗೆದು, ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಬೇಕು. ಕವಳಿ, ಸೀಗೆ ಅಥವಾ ಕತ್ತಾಳೆಯನ್ನು ಎರಡು ಸಾಲುಗಳಲ್ಲಿ, ಒಂದು ಸಾಲಿನ ಎರಡು ಗಿಡಗಳ ನಡುವೆ ಇನ್ನೊಂದು ಸಾಲಿನ ಗಿಡ ಬರುವಂತೆ ನೆಡಬೇಕು. ಗಿಡದಿಂದ ಗಿಡಕ್ಕೆ 2-3 ಅಡಿ ಅಂತರವಿರಲಿ. ಬೇಲಿ ಬಲಿಯಲು ಸುಮಾರು ಮೂರು ವರ್ಷ ಬೇಕು. ಆವರೆಗೆ ಸತ್ತ ಗಿಡಗಳ ಜಾಗ ತುಂಬುತ್ತಿರಬೇಕು. ರಸ್ತೆಯ ತಿರುವಿನಲ್ಲಿ ಬೇಲಿ ಎದೆಮಟ್ಟಕ್ಕಿಂತ ಎತ್ತರ ಬೆಳೆಯದಂತೆ ಸವರಬೇಕು. ಇಲ್ಲವಾದರೆ ಚಾಲಕನಿಗೆ ಪ್ರಾಣಿಯೂ ಕಾಣುವುದಿಲ್ಲ, ಎದುರಿನ ವಾಹನವೂ ಕಾಣುವುದಿಲ್ಲ.

4. ಬೆಳೆಯ ಆಯ್ಕೆ: ಪ್ರಾಣಿಗಳು ದಾಟುವ ಮೋರಿ ಅಥವಾ ಕೆಳದಾರಿಯ ಬಾಯಿಗೆ ಹೊಂದಿಕೊಂಡು ಕಬ್ಬು, ಬಾಳೆ, ಮುಸುಕಿನ ಜೋಳ ಹಾಕಬಾರದು. ಮೆಣಸಿನಕಾಯಿ, ಹರಳಿನಂತಹ ಬೆಳೆ ಸೂಕ್ತ. ಮುಸುಕಿನ ಜೋಳ ಹಾಕಲೇಬೇಕಿದ್ದರೆ ಸುತ್ತ ನಾಲ್ಕು ಸಾಲು ಹರಳು, ಕಡಲೆಕಾಯಿಗೆ ಸುತ್ತ ನಾಲ್ಕು ಸಾಲು ಮುಳ್ಳು ಕುಸುಬೆ ಬಿತ್ತಿದರೆ ಹಂದಿಯ ಕಾಟ ತಗ್ಗುತ್ತದೆ.

5. ಒಕ್ಕಣೆ ಕಣದಲ್ಲಿಯೇ ಆಗಲಿ: ರಸ್ತೆಯ ಮೇಲೆ ಒಕ್ಕಿದರೆ ಕಾಳಿನಲ್ಲಿ ಕಲ್ಲು, ಡಾಂಬರಿನ ಚೂರು ಸೇರಿ ಬೆಲೆಯೂ ಇಳಿಯುತ್ತದೆ. ದ್ವಿಚಕ್ರ ವಾಹನ ಹುಲ್ಲಿನ ಮೇಲೆ ಜಾರಿ ಬೀಳುವ ಅಪಾಯ ಬೇರೆ. ಊರಿಗೊಂದು ಸಿಮೆಂಟು ಕಣ, ಬಾಡಿಗೆಯ ಒಕ್ಕಣೆ ಯಂತ್ರ ಅಥವಾ ಟಾರ್ಪಾಲಿನ ಮೇಲಿನ ಒಕ್ಕಣೆ ಎಲ್ಲ ರೀತಿಯಿಂದಲೂ ಮೇಲು. ಕೊಳೆತ ತರಕಾರಿಯನ್ನು ರಸ್ತೆಗೆ ಸುರಿಯದೆ ಗೊಬ್ಬರದ ಗುಂಡಿಗೆ ಹಾಕಿರಿ.

6. ಮೋರಿಯನ್ನು ಬಿಡುವಾಗಿಡಿರಿ: ಮೊಲ, ನರಿ, ಪುನುಗುಬೆಕ್ಕು, ಉಡ, ಮುಳ್ಳುಹಂದಿಗಳಿಗೆ ರಸ್ತೆಯಡಿಯ ಸಾಮಾನ್ಯ ಮೋರಿಯೇ ಕೆಳದಾರಿ. ಬೇಸಗೆಯಲ್ಲಿ ಅದರ ಹೂಳು ಮತ್ತು ಪ್ಲಾಸ್ಟಿಕ್ ತೆಗೆಯಲು ಪಂಚಾಯಿತಿಗೆ ಹೇಳಿರಿ. ನೀರೂ ಹರಿಯುತ್ತದೆ, ಪ್ರಾಣಿಯೂ ಹೋಗುತ್ತದೆ. ಕೆಳದಾರಿಯಲ್ಲಿ ಹುಲ್ಲಿನ ಮೆದೆ ಒಟ್ಟುವುದು, ದನ ಕಟ್ಟುವುದು, ಟ್ರ್ಯಾಕ್ಟರ್ ನಿಲ್ಲಿಸುವುದು ಸಲ್ಲದು.

7. ಸರ್ಕಾರದ ಬೇಲಿಯನ್ನು ಕತ್ತರಿಸಬೇಡಿರಿ: ಬೇಲಿಯಿಂದ ಹೊಲಕ್ಕೆ ಹೋಗುವ ದಾರಿ ಮುಚ್ಚಿದಾಗ ತಂತಿ ಕತ್ತರಿಸಿ ನುಸುಳುವ ಅಭ್ಯಾಸವಿದೆ. ಜನರಿಗೆ ಮಾಡಿದ ಕಂಡಿಯಲ್ಲಿ ರಾತ್ರಿ ಪ್ರಾಣಿ ಬರುತ್ತದೆ, ಮರಳಿ ಹೋಗಲು ಕಂಡಿ ಸಿಗದೆ ಸಾಯುತ್ತದೆ. ತಾನಾಗಿ ಮುಚ್ಚಿಕೊಳ್ಳುವ ಗೇಟು ಬೇಕೆಂದು ಹೆದ್ದಾರಿ ಕಚೇರಿಗೆ ಊರಿನವರೆಲ್ಲ ಸೇರಿ ಅರ್ಜಿ ಕೊಡಿರಿ. ಪ್ರತಿ ದೊಡ್ಡ ಮಳೆಯ ನಂತರ ಬೇಲಿಯ ಬುಡದ ಮಣ್ಣು ಕೊಚ್ಚಿಹೋಗಿದೆಯೇ ಎಂದು ನೋಡಿ ತಿಳಿಸಿರಿ.

8. ಬೇಲಿಗೆ ನೇರ ವಿದ್ಯುತ್ ಬೇಡ: ಸೌರಬೇಲಿಯ ಯಂತ್ರ ಸೆಕೆಂಡಿಗೆ ಸುಮಾರು ಒಂದು ಬಾರಿ, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತಿನ ಹೊಡೆತ ಕೊಡುತ್ತದೆ. ಪ್ರಾಣಿ ಬೆದರಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಪಂಪ್‌ಸೆಟ್ಟಿನ ತಂತಿಯಿಂದ ನೇರವಾಗಿ ಕೊಟ್ಟ ವಿದ್ಯುತ್ ಹಾಗಲ್ಲ. ಅದು ಹಿಡಿದುದನ್ನು ಬಿಡುವುದಿಲ್ಲ. ಆನೆ, ದನ, ಮನೆಯ ಮಗು ಎಂಬ ಭೇದವಿಲ್ಲದೆ ಕೊಲ್ಲುತ್ತದೆ. ಇದು ಶಿಕ್ಷಾರ್ಹ ಅಪರಾಧವೂ ಹೌದು.

ಪ್ರಾಣಿ ಗಾಯಗೊಂಡಾಗ

ರಸ್ತೆಯಲ್ಲಿ ಪ್ರಾಣಿ ಗಾಯಗೊಂಡು ಬಿದ್ದಿದ್ದರೆ ಗುಂಪು ಸೇರಬಾರದು. ಹಿಂದೆ ಮುಂದೆ ವಾಹನ ನಿಲ್ಲಿಸಿ ದೀಪ ತೋರಿಸಿ, ಹತ್ತಿರದ ವಲಯ ಅರಣ್ಯಾಧಿಕಾರಿಯ ಕಚೇರಿಗೆ ತಿಳಿಸಬೇಕು. ಆ ಕಚೇರಿಯ ದೂರವಾಣಿ ಸಂಖ್ಯೆಯನ್ನು ಡೇರಿಯ ಗೋಡೆಯ ಮೇಲೆ ಬರೆಸಿಡುವುದು ಒಳ್ಳೆಯದು. ಬೇಲಿಗಳ ನಡುವೆ ಸಿಕ್ಕಿದ ಪ್ರಾಣಿಯನ್ನು ಅಟ್ಟಬಾರದು. ವಾಹನ ನಿಲ್ಲಿಸಿ, ಸದ್ದು ಮಾಡದಿದ್ದರೆ ಅದು ಬಂದ ದಾರಿಯನ್ನೇ ಹುಡುಕಿಕೊಳ್ಳುವ ಸಾಧ್ಯತೆ ಹೆಚ್ಚು. ಸತ್ತ ಪ್ರಾಣಿಯ ಮಾಂಸವನ್ನು ಒಯ್ಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ.

ರಸ್ತೆ ಅಗಲವಾಗುವ ಮುನ್ನ ಕೇಳಿರಿ

ದೊಡ್ಡ ಹೆದ್ದಾರಿ ಯೋಜನೆಗಳಿಗೆ ಪರಿಸರ ಅನುಮತಿ ಪಡೆಯುವಾಗ ಸಾರ್ವಜನಿಕರ ಅಹವಾಲು ಕೇಳುವ ಸಭೆ ನಡೆಯುತ್ತದೆ. ರೈತರು ಸಾಮಾನ್ಯವಾಗಿ ಅಲ್ಲಿ ಪರಿಹಾರದ ಹಣದ ಮಾತನ್ನಷ್ಟೇ ಆಡಿ ಬರುತ್ತಾರೆ. ಅದು ಅವಶ್ಯಕವೇ. ಅದರ ಜೊತೆಗೆ, ಹಳ್ಳ ದಾಟುವ ಕಡೆ ಚಿಕ್ಕ ಮೋರಿಯ ಬದಲು ಎತ್ತರದ ಸೇತುವೆ ಮಾಡಿ, ನೀರಿನ ಪಕ್ಕ ಒಣ ನೆಲ ಬಿಡಿ ಎಂದು ಕೇಳಿರಿ. ಯಾವ ತಿಂಗಳು, ಯಾವ ಹೊಲದ ಬಳಿ, ಯಾವ ಪ್ರಾಣಿ ದಾಟುತ್ತದೆಂಬುದು ಇಂಜಿನಿಯರರ ನಕ್ಷೆಯಲ್ಲಿ ಇರುವುದಿಲ್ಲ. ಅದು ಗೊತ್ತಿರುವುದು ರಾತ್ರಿ ಕಾವಲು ಕಾಯುವ ನಿಮಗೆ. ಒಂದು ನೋಟ್‌ಪುಸ್ತಕದಲ್ಲಿ ತಾರೀಕು, ಜಾಗ, ಪ್ರಾಣಿಯ ಹೆಸರು ಬರೆದಿಟ್ಟು ಗ್ರಾಮಸಭೆಯ ನಿರ್ಣಯದೊಂದಿಗೆ ಸಲ್ಲಿಸಿದರೆ ಆ ಮಾತಿಗೆ ತೂಕವಿರುತ್ತದೆ. ರಸ್ತೆ ಕಟ್ಟುವಾಗಲೇ ದಾರಿ ಬಿಡುವುದು ಸುಲಭ. ಕಟ್ಟಿ ಮುಗಿದ ರಸ್ತೆಯನ್ನು ಒಡೆದು ಮಾಡುವುದು ಬಹಳ ದುಬಾರಿ.

ಮುಕ್ತಾಯ

ಹಿರಿಯ ರೈತರಿಗೆ ಅಂದು ನಾನು ಕೊಟ್ಟ ಉತ್ತರ ಇಷ್ಟೇ: "ಬೇಲಿ ಹಾಕಿಸೋಣ, ಆದರೆ ಬೇಲಿಗೆ ಮುಂಚೆ ದಾರಿ ಯಾವುದೆಂದು ಗೊತ್ತುಮಾಡೋಣ." ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದರೆ ಆ ಹಳ್ಳದ ಮೋರೀನ ದೊಡ್ಡದು ಮಾಡಿಸಬೇಕು. ಹಂದಿ ಅಲ್ಲೇ ಬರೋದು, ಮೋರಿ ಹೂತುಹೋದ ಮೇಲೆ ರಸ್ತೆ ಹತ್ತೋಕೆ ಶುರುಮಾಡಿದ್ದು," ಎಂದರು. ಎದ್ದು ಹೋಗಿ ನೋಡಿದೆವು. ಮೋರಿಯ ಬಾಯಿ ಮುಕ್ಕಾಲು ಪಾಲು ಹೂಳಿನಿಂದ ಮುಚ್ಚಿತ್ತು. ಓಣಿ ಅಲ್ಲಿಂದ ಮೂವತ್ತು ಹೆಜ್ಜೆ ದೂರ.

ನಿಮ್ಮ ಊರಿನ ರಸ್ತೆಯಲ್ಲಿಯೂ ಇಂತಹ ಜಾಗ ಇರಬಹುದು. ಈ ಬೇಸಗೆಯಲ್ಲಿ, ಮಳೆ ಬರುವ ಮುನ್ನ, ಒಮ್ಮೆ ನಡೆದು ನೋಡಿರಿ. ಮೊದಲು ಮೋರಿ, ಆಮೇಲೆ ಓಣಿಯ ಗೇಟು, ಆಮೇಲೆ ಬೇಲಿ. ಈ ಕ್ರಮದಲ್ಲಿ ಕೆಲಸ ಮಾಡಿದರೆ ಪ್ರಾಣಿಯೂ ಉಳಿಯುತ್ತದೆ, ರಾತ್ರಿ ಹಾಲು ಹಾಕಿ ಬರುವ ಮಗನೂ ಕ್ಷೇಮವಾಗಿ ಮನೆ ಸೇರುತ್ತಾನೆ.